ಅಲುಗಿದ ಮುಖಗಳು

ಔಷಧಿ ಅಂಗಡಿಯವರು ತಮ್ಮ ತಾಯಿಯ ಫೋಟೋವನ್ನು ವಾಪಸ್ ತಂದು ನಮ್ಮ ಕೌಂಟರಿನ ಮೇಲೆ ಮಕಾಡೆ ಇಟ್ಟರು. ಜಗಳವೇನೂ ಆಡಲಿಲ್ಲ. ಅಪ್ಪನ ಮುಖ ನೋಡಿ ಹೇಳಲು ಸಂಕೋಚವಾಗಿ ನನ್ನ ಕಡೆ ತಿರುಗಿ, "ಅಮ್ಮನಿಗೆ ಇರೋದು ಒಂದೇ ಮೂಗು ಕಣಮ್ಮ. ಇದರಲ್ಲಿ ಒಂದೂವರೆ ಬಂದಿದೆ," ಅಂದರು.

ಅವರು ಮೆಟ್ಟಿಲಿಳಿದು ಹೋದ ಮೇಲೆ ಅಪ್ಪ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆ ಮುದುಕಿಯ ಮೂಗಿಗೆ, ಕನ್ನಡಕದ ಅಂಚಿಗೆ, ಕಿವಿಗೆ, ಎಲ್ಲಕ್ಕೂ ಪಕ್ಕದಲ್ಲೇ ಇನ್ನೊಂದು ತೆಳು ಗೆರೆ ಇತ್ತು. ಆ ತಿಂಗಳಲ್ಲಿ ಹಾಗೆ ವಾಪಸ್ ಬಂದದ್ದು ಅದು ಮೂರನೆಯದು. ಮೂವತ್ತೊಂದು ವರ್ಷದಲ್ಲಿ ಅದಕ್ಕೆ ಮೊದಲು ಒಂದೂ ಬಂದಿರಲಿಲ್ಲ ಅಂತ ಅಪ್ಪ ಹೇಳುತ್ತಾರೆ. ಒಂದೆರಡು ಬಂದಿದ್ದವು ಅಂತ ಅಮ್ಮ ಹೇಳುತ್ತಾಳೆ.

ನಮ್ಮ ಮನೆ ಇರುವುದು ಬಣ್ಣದ ಅಂಗಡಿಯ ಮೇಲಿನ ಮಹಡಿಯಲ್ಲಿ. ರಸ್ತೆ ಕಡೆಯ ದೊಡ್ಡ ಕೋಣೆಯೇ ಸ್ಟುಡಿಯೋ. ಅದರ ಹಿಂದಿನ ಕೋಣೆಯಲ್ಲಿ ಅಜ್ಜಿಯ ಮಂಚ, ನನ್ನ ಹೊಲಿಗೆ ಯಂತ್ರ, ಹಗಲಿನಲ್ಲಿ ಸುತ್ತಿಟ್ಟ ನಮ್ಮೆಲ್ಲರ ಹಾಸಿಗೆಗಳು. ಕೊನೆಯಲ್ಲಿ ಅಡುಗೆಮನೆ. ಅಡುಗೆಮನೆಗೆ ಮಾತ್ರ ಸಿಮೆಂಟು ನೆಲ, ಉಳಿದ ಕಡೆಯೆಲ್ಲ ಮರದ ಹಲಗೆ.

ಅಪ್ಪನದು ಮೂರು ಕಾಲಿನ ಮೇಲೆ ನಿಲ್ಲುವ ಮರದ ಪೆಟ್ಟಿಗೆಯ ಕ್ಯಾಮೆರಾ. ಕಪ್ಪು ಬಟ್ಟೆಯೊಳಗೆ ತಲೆ ಹಾಕಿ, ಹಿಂದಿನ ಗಾಜಿನಲ್ಲಿ ತಲೆಕೆಳಗಾಗಿ ಕಾಣುವ ಮುಖವನ್ನು ಸರಿಮಾಡಿಕೊಂಡು, ಹೊರಗೆ ಬಂದು ಫಿಲಂ ಹಾಕಿ, "ಅಲುಗಬೇಡಿ" ಅಂತ ಹೇಳಿ, ಲೆನ್ಸಿನ ಪಕ್ಕದ ಕಡ್ಡಿಯನ್ನು ಬೆರಳಿನಿಂದ ಒತ್ತಿ ಅರ್ಧ ಸೆಕೆಂಡು ಹಿಡಿಯುತ್ತಾರೆ. ನಾಲ್ಕು ದೀಪದ ಬೆಳಕು ಸಾಕು ಅವರಿಗೆ. ಫ್ಲಾಶ್ ಅಂದರೆ ಮುಖಕ್ಕೆ ಹೊಡೆದ ಹಾಗೆ ಅನ್ನುತ್ತಾರೆ. ಅಣ್ಣನದು ಹೋದ ವರ್ಷ ತಂದ ಹೊಸ ಕ್ಯಾಮೆರಾ. ಎರಡು ದೊಡ್ಡ ಫ್ಲಾಶು, ಬಿಳಿ ಕೊಡೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದು ಹಿಂದಿನ ಪುಟ್ಟ ಪರದೆಯಲ್ಲಿ ಮುಖ ಬಂದೇಬಿಡುತ್ತದೆ. ಒಂದೇ ಕೋಣೆಯಲ್ಲಿ ಇಬ್ಬರೂ ಕೆಲಸ ಮಾಡುತ್ತಿದ್ದರು. ವಯಸ್ಸಾದವರು ಅಪ್ಪನ ಹತ್ತಿರ, ಹುಡುಗರು ಅಣ್ಣನ ಹತ್ತಿರ.

ಬಂದವರಿಗೆ ಬಾಚಣಿಗೆ, ಕನ್ನಡಿ, ಪೌಡರು ಕೊಡುವುದು ನನ್ನ ಕೆಲಸ. ಕಾಲರು ಸರಿಮಾಡುವುದು, ಕೂದಲು ಕಣ್ಣಿಗೆ ಬಿದ್ದಿದ್ದರೆ ಹೇಳುವುದು. ಅಪ್ಪ ಬಟ್ಟೆಯಿಂದ ತಲೆ ಹೊರಗೆ ತೆಗೆದ ಕೂಡಲೇ ನಾನು ಅಲ್ಲಿಂದ ಜಾರಿಕೊಳ್ಳುತ್ತಿದ್ದೆ. ಹೊಸಬರ ಎದುರು ಒಂದು ನಿಮಿಷ ಹೆಚ್ಚು ನಿಲ್ಲುವುದೆಂದರೆ ನನಗೆ ಮೈಯೆಲ್ಲ ಮುದುಡುತ್ತದೆ. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಲಾಗದೆ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು.

ಫೋಟೋ ವಾಪಸ್ ಬಂದ ಆ ದಿನ ಊಟಕ್ಕೆ ಕೂತಾಗ ಮಾತು ಆ ಮುದುಕಿಯಿಂದಲೇ ಶುರುವಾಯಿತು. ಎಂಬತ್ತು ವರ್ಷದವರು, ಅಲುಗಿರಬೇಕು ಅಂತ ಅಪ್ಪ ಅಂದರು.

"ಕುರ್ಚಿ ಹಿಂದೆ ಕಟ್ಟಿರೋ ಪರದೆ ಮೇಲೆ ಬರೆದಿರೋ ಹೂವೂ ಅಲುಗಿದೆಯಲ್ಲಪ್ಪ," ಅಂದ ಅಣ್ಣ. "ಪರದೆಗೂ ಎಂಬತ್ತು ವರ್ಷವಾ?"

ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದರು. ಹಾಗಾದರೆ ಲೆನ್ಸು ಸಡಿಲವಾಗಿದೆ, ತಾನಾಗಿ ಸಡಿಲವಾಗುವ ಲೆನ್ಸಲ್ಲ ಅದು, ಯಾರೋ ಕೈ ಹಾಕಿದ್ದಾರೆ ಅಂದರು. ಯಾರೋ ಅನ್ನುವಾಗ ಅಣ್ಣನ ತಟ್ಟೆಯನ್ನೇ ನೋಡುತ್ತಿದ್ದರು. ಅಣ್ಣ ನಗುತ್ತಾ, ಆ ಹಳೇ ಪೆಟ್ಟಿಗೆ ಮುಟ್ಟಿ ನನಗೇನು ಆಗಬೇಕು, ಲೆನ್ಸು ಗಟ್ಟಿಯಾಗೇ ಇದೆ, ಒತ್ತೋ ಬೆರಳು ಗಟ್ಟಿ ಇದೆಯಾ ನೋಡಿಕೊಳ್ಳಿ ಅಂದ.

ಅಮ್ಮ ಬೇಳೆಯ ಪಾತ್ರೆಯನ್ನು ಇಬ್ಬರ ನಡುವೆ ಕುಕ್ಕಿದಳು. "ನನಗೊಂದು ಅರ್ಥ ಆಗ್ತಿಲ್ಲ. ಇಷ್ಟು ವರ್ಷ ಇವರು ಕೈ ಮುಖ್ಯ ಕೈ ಮುಖ್ಯ ಅಂತಿದ್ರು, ನೀನು ಕ್ಯಾಮೆರಾ ಕ್ಯಾಮೆರಾ ಅಂತಿದ್ದೆ. ಈಗ ಇವರು ಕ್ಯಾಮೆರಾ ಕೆಟ್ಟಿದೆ ಅಂತಾರೆ, ನೀನು ಕೈ ಕೆಟ್ಟಿದೆ ಅಂತೀಯ. ಯಾವಾಗ ಜಾಗ ಬದಲಾಯಿಸಿಕೊಂಡ್ರಿ?"

ಅಜ್ಜಿಗೆ ಕಿವಿ ಕೇಳುವುದಿಲ್ಲವಾದ್ದರಿಂದ ಅವಳು ಮೊಟ್ಟೆ ಯಾಕೆ ಅರ್ಧ ಕೊಟ್ಟಿರಿ ಅಂತ ಕೇಳಿದಳು.

ಮರುದಿನದಿಂದ ನಮ್ಮ ಮನೆಯ ಊಟದ ರೀತಿಯೇ ಬದಲಾಯಿತು. ಅಪ್ಪನ ಲೋಟಕ್ಕೆ ನೀರು ಬಗ್ಗಿಸುವ ಕೆಲಸವನ್ನು ಅಣ್ಣ ತಾನೇ ವಹಿಸಿಕೊಂಡ. ಕಂಠದವರೆಗೆ ತುಂಬಿಸಿ ಮುಂದಿಡುತ್ತಿದ್ದ. ಅಪ್ಪ ಲೋಟ ಎತ್ತುವಾಗ ಅವನ ಕಣ್ಣು ಲೋಟದ ಅಂಚಿನ ಮೇಲೇ ಇರುತ್ತಿತ್ತು. ತುಂಬಿದ ಲೋಟ ಎತ್ತಿದರೆ ಯಾರ ಕೈಯಿಂದಲಾದರೂ ಒಂದು ತೊಟ್ಟು ಬೀಳುತ್ತದೆ. ಬಿದ್ದರೆ ಅಮ್ಮನ ಕಡೆ ನೋಡಿ ಹುಬ್ಬು ಏರಿಸುತ್ತಿದ್ದ. ಎರಡೇ ದಿನಕ್ಕೆ ಅಪ್ಪನಿಗೆ ಗೊತ್ತಾಗಿಹೋಯಿತು. ಊಟದ ಜೊತೆ ನೀರು ಕುಡಿಯುವುದನ್ನೇ ಬಿಟ್ಟರು. ಗಂಟಲಿಗೆ ಅನ್ನ ಸಿಕ್ಕಿಕೊಂಡರೂ ಲೋಟ ಮುಟ್ಟಲಿಲ್ಲ, ಕೆಮ್ಮುತ್ತಾ ಎದ್ದು ಅಡುಗೆಮನೆಗೆ ಹೋಗಿ ಕುಡಿದು ಬಂದರು.

ಅಪ್ಪನೂ ಸುಮ್ಮನಿರಲಿಲ್ಲ. ಕ್ಯಾಮೆರಾ ಇಡುವ ಕಪಾಟಿನ ಹಿಡಿಕೆಗೆ ಗಿರಾಕಿಗಳ ಪೌಡರನ್ನು ತೆಳುವಾಗಿ ಉದುರಿಸಿ, ಬೆಳಿಗ್ಗೆ ಚಹಾ ಕುಡಿಯುವಾಗ ಎಲ್ಲರ ಬೆರಳು ನೋಡುತ್ತಿದ್ದರು. ಮೂರನೆಯ ದಿನ ಅಣ್ಣನ ಬೆರಳಿನಲ್ಲಿ ಬಿಳಿ ಕಂಡಿತು.

"ಎಲ್ಲಿಂದ ಬಂತು ಇದು?"

"ಎಲ್ಲಿಂದ ಅಂದ್ರೆ? ಬೆಳಿಗ್ಗೆ ತಂಗಿ ನೀರು ತರೋಕೆ ಹೋಗಿದ್ದಾಗ ಒಂದು ಪಾಪು ಬಂದಿತ್ತು, ಅದರ ಮುಖಕ್ಕೆ ಹಚ್ಚಿದೆ. ಪೌಡರು ಹಚ್ಚೋಕೂ ನಿಮ್ಮ ಅಪ್ಪಣೆ ಬೇಕಾ?"

ಅಪ್ಪ ನನ್ನ ಕೈ ಹಿಡಿದು ನೋಡಿದರು. ಕಪಾಟು ಒರೆಸುವವಳು ನಾನೇ, ನನ್ನ ಬೆರಳಲ್ಲೂ ಇತ್ತು. ಬಾಯಿಲ್ಲದ ಮಗುವನ್ನೂ ಹಿಡಿದು ಪರೀಕ್ಷೆ ಮಾಡ್ತೀರಾ ಅಂತ ಅಮ್ಮ ಬೈದಳು. ಆ ಸಂಜೆಯೇ ಅಪ್ಪ ಕಪಾಟಿಗೆ ಬೀಗ ತಂದು ಹಾಕಿ ಕೀಲಿಯನ್ನು ಅಂಗಿಯ ಒಳಜೇಬಿಗೆ ಇಳಿಸಿದರು. ಬೀಗ ಹಾಕಿದ ಮರುದಿನವೇ ತೆಗೆದ ಅಂಚೆಯವರ ಹೆಂಡತಿಯ ಫೋಟೋನೂ ಅಲುಗಿ ಬಂತು.

ಅದು ನಾಲ್ಕನೆಯದು. ಅಣ್ಣ ಈ ಸಲ ಕೊಂಕು ಮಾತಾಡಲಿಲ್ಲ, ಮೆತ್ತಗೆ ಮಾತಾಡಿದ. ಅದು ಇನ್ನೂ ಕೆಟ್ಟದಾಗಿತ್ತು. ಮುಂದಿನ ತಿಂಗಳಿಂದ ಅಪ್ಪ ಕೌಂಟರಿನಲ್ಲಿ ಕೂರಲಿ, ಹೆಸರು ಬರೆದುಕೊಳ್ಳಲಿ, ಪ್ರಿಂಟು ಕತ್ತರಿಸಲಿ, ಒಳಗೆ ನಾನೊಬ್ಬನೇ ನೋಡಿಕೊಳ್ಳುತ್ತೇನೆ ಅಂದ. ಹಳೇ ಕ್ಯಾಮೆರಾ ಕೊಳ್ಳುವವರೊಬ್ಬರು ಗೊತ್ತು, ಒಂದು ತಿಂಗಳಲ್ಲಿ ಬಂದು ನೋಡುತ್ತಾರೆ ಅಂದ. ಅಪ್ಪ ತಮ್ಮ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಾ ಕೂತರು. ಅವರಿಗೂ ಅದರ ಮೇಲೆ ಅನುಮಾನ ಬಂದಿತ್ತು.

ನನಗೆ ನಿಜ ಗೊತ್ತಾದದ್ದು ಅದಾಗಿ ಎರಡು ದಿನಕ್ಕೆ, ಅಜ್ಜಿಯಿಂದ.

ನನ್ನ ಹೊಲಿಗೆ ಯಂತ್ರದ ವಿಷಯ ಹೇಳಬೇಕು. ಮೊದಲು ಅದು ಕಾಲಿನಲ್ಲಿ ತುಳಿಯುವ ಯಂತ್ರವಾಗಿತ್ತು, ಅಡುಗೆಮನೆಯ ಕಿಟಕಿಯ ಕೆಳಗಿತ್ತು. ಬಟ್ಟೆ ಅಂಗಡಿಗೆ ದಿಂಬಿನ ಕವರು ಹೊಲಿದು ಕೊಡುತ್ತಿದ್ದೆ. ಒಂದು ಸಲ ಎಣ್ಣೆ ಕಲೆಯಾಗಿದೆ ಅಂತ ಎರಡು ಡಜನ್ ಕವರು ವಾಪಸ್ ಬಂದವು. ಆಮೇಲೆ, ಫೋಟೋಗಳು ವಾಪಸ್ ಬರಲು ಶುರುವಾಗುವ ಸ್ವಲ್ಪ ಮೊದಲು, ಕೂಡಿಟ್ಟ ದುಡ್ಡಿನಲ್ಲಿ ಮೋಟರು ಹಾಕಿಸಿ, ಪ್ಲಗ್ ಇರುವ ನಡುಕೋಣೆಗೆ, ಸ್ಟುಡಿಯೋದ ಗೋಡೆಗೆ ತಾಗಿಸಿ ಇಟ್ಟುಕೊಂಡೆ. ವಾರಕ್ಕೆ ಹದಿನೈದು ಆಗುತ್ತಿದ್ದದ್ದು ನಲವತ್ತಾಯಿತು. ಹೀಗೇ ಕೊಡುತ್ತಾ ಹೋದರೆ ಮುಂದಿನ ತಿಂಗಳು ಶರ್ಟು ಹೊಲಿಯಲು ಕೊಡುತ್ತೇನೆ, ಇಲ್ಲದಿದ್ದರೆ ಹಿಂದಿನ ಬೀದಿಯ ಹುಡುಗಿಗೆ ಕೊಡುತ್ತೇನೆ ಅಂತ ಅಂಗಡಿಯವರು ಹೇಳಿದ್ದರು. ನಾನು ಬಾಯಿ ಬಿಡದೆ ಮಾಡಬಹುದಾದ ಕೆಲಸ ಅದೊಂದೇ.

ಆ ಮಧ್ಯಾಹ್ನ ಅಜ್ಜಿಯ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದೆ. ಈಚೆಗೆ ನೋವು ಕಡಿಮೆ ಅಂದಳು.

"ನೀನು ಆ ಮೋಟರು ಹಾಕಿದಾಗಿಂದ ಮಂಚ ನನ್ನ ಬೆನ್ನು ಒತ್ತುತ್ತೆ ಕಣೇ. ಒಂದು ತಮಾಷೆ ನೋಡು. ಬಾಗಿಲ ಸಂದಿಯಿಂದ ನನಗೆ ಆ ಕುರ್ಚಿ ಕಾಣುತ್ತೆ. ಅಲ್ಲಿ ಕೂತೋರು ಕಲ್ಲಾಗ್ತಾರೆ, ಇಲ್ಲಿ ನನ್ನ ಮಂಚ ಕುಣಿಯೋಕೆ ಶುರು ಮಾಡುತ್ತೆ. ಪ್ರತೀ ಸಲ."

ಎಣ್ಣೆ ಕೈಯಲ್ಲೇ ಎದ್ದು ಹೋಗಿ ಯಂತ್ರದ ಪಕ್ಕದ ಹಲಗೆಯ ಮೇಲೆ ಅಂಗೈ ಇಟ್ಟು, ಇನ್ನೊಂದು ಕೈಯಿಂದ ಕೆಳಗಿನ ಪೆಡಲು ಒತ್ತಿದೆ. ಹಲಗೆ ಗುಂಯ್ ಅಂದಿತು. ಅದೇ ಹಲಗೆ ಗೋಡೆಯ ಕೆಳಗಿನಿಂದ ಸ್ಟುಡಿಯೋಗೆ ಹೋಗಿ ಅಪ್ಪನ ಕ್ಯಾಮೆರಾದ ಕಾಲಡಿಯಲ್ಲಿ ಮುಗಿಯುತ್ತದೆ. ಅಪ್ಪ ಬಟ್ಟೆಯೊಳಗೆ ತಲೆ ಹಾಕಿ ನೋಡುವಷ್ಟು ಹೊತ್ತೂ ನಾನು ಕನ್ನಡಿ ಹಿಡಿದು ಅಲ್ಲೇ ನಿಂತಿರುತ್ತಿದ್ದೆ, ಯಂತ್ರ ನಿಂತಿರುತ್ತಿತ್ತು. ಅವರು ಹೊರಗೆ ಬಂದು ಫಿಲಂ ಹಾಕಿ ಕಡ್ಡಿ ಒತ್ತುವಷ್ಟರಲ್ಲಿ ನಾನು ಓಡಿಬಂದು ಹೊಲಿಯಲು ಕೂತಿರುತ್ತಿದ್ದೆ. ಅವರು ನೋಡುವಾಗ ಎಲ್ಲ ಸರಿ, ತೆಗೆಯುವಾಗ ಮಾತ್ರ ನಡುಕ. ಕೆಳಗಿನ ಅಂಗಡಿಯ ಬಣ್ಣ ಕಲಸುವ ಯಂತ್ರದ ಗದ್ದಲದಲ್ಲಿ ನನ್ನ ಮೋಟರಿನ ಸದ್ದು ಯಾರ ಕಿವಿಗೂ ಬೇರೆಯಾಗಿ ಬೀಳುತ್ತಿರಲಿಲ್ಲ. ಅಣ್ಣನ ಫ್ಲಾಶು ಕ್ಷಣದಲ್ಲಿ ಮಿಂಚಿ ಆರುವುದರಿಂದ ಅವನ ಫೋಟೋಕ್ಕೆ ಏನೂ ಆಗುತ್ತಿರಲಿಲ್ಲ.

ಕೈಯೂ ಸರಿಯಿತ್ತು, ಕ್ಯಾಮೆರಾನೂ ಸರಿಯಿತ್ತು. ಕೆಡಿಸುತ್ತಿದ್ದವಳು ನಾನು.

ಹೇಳಿಬಿಡಬೇಕು ಅಂತ ಅಡುಗೆಮನೆಯವರೆಗೆ ಹೋದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ಹೇಳಿದರೆ ಯಂತ್ರ ಮತ್ತೆ ಎಣ್ಣೆಯ ಹೊಗೆಗೆ ಹೋಗುತ್ತದೆ, ಇಲ್ಲವೇ ಮೋಟರಿಗೆ ಬಟ್ಟೆ ಮುಚ್ಚಿ ಮೂಲೆಗೆ ಸರಿಸುತ್ತಾರೆ. ಸೊಪ್ಪು ಬಿಡಿಸಲು ಕೂತೆ. ಹೇಳದೆಯೂ ಸರಿಮಾಡಬಹುದಲ್ಲ ಅನ್ನಿಸಿತು. ಅಪ್ಪ ಹೇಗೂ "ಅಲುಗಬೇಡಿ" ಅಂತ ಜೋರಾಗಿ ಹೇಳುತ್ತಾರೆ. ಆ ಮಾತು ಕೇಳಿದ ಕೂಡಲೇ ಪೆಡಲಿನಿಂದ ಕಾಲು ತೆಗೆದರಾಯಿತು.

ಹಾಗೇ ಮಾಡಿದೆ. ಒಂದು ವಾರ, ಎರಡು ವಾರ. ಅಪ್ಪನ ಫೋಟೋಗಳು ಮೊದಲಿನ ಹಾಗೆ ಬಂದವು. ಔಷಧಿ ಅಂಗಡಿಯವರ ತಾಯಿ ಮತ್ತೆ ಬಂದು ಕೂತರು. ಈ ಸಲ ಮೂಗು ಒಂದೇ ಬಂತು, ಅದರ ಪಕ್ಕದ ನರೂಲಿಯ ಮೇಲಿನ ಕೂದಲೂ ಬಂತು. ಎಲ್ಲ ಮುಗಿಯಿತು ಅಂದುಕೊಂಡು ನಾನು ಒಳಗೊಳಗೇ ಹಿಗ್ಗಿದೆ.

ಆ ಭಾನುವಾರ ಚಹಾ ಕುಡಿಯುವಾಗ ಅಪ್ಪ ಆ ಫೋಟೋವನ್ನು ಅಣ್ಣನ ಮುಂದೆ ಇಟ್ಟರು. ಕೀಲಿಯನ್ನು ತೆಗೆದು ಅದರ ಪಕ್ಕ ಇಟ್ಟರು.

"ಬೀಗ ಹಾಕಿದೆ, ಫೋಟೋ ಸರಿಹೋಯ್ತು. ಇನ್ನೇನು ಸಾಕ್ಷಿ ಬೇಕು ಹೇಳು."

ಬೀಗ ಹಾಕಿದ ಮೇಲೂ ಒಂದು ಕೆಟ್ಟಿತ್ತಲ್ಲ ಅಂತ ಅಣ್ಣ ಕೇಳಿದ. ಆಗ ನಿನ್ನ ಹತ್ತಿರ ಇನ್ನೊಂದು ಕೀಲಿ ಇತ್ತು, ಅದಕ್ಕೇ ಆ ವಾರ ಬೀಗ ಬದಲಾಯಿಸಿದೆ ಅಂದರು ಅಪ್ಪ. ಬೀಗ ಬದಲಾಯಿಸಿದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಕೂಡ ಬೆಚ್ಚಿ ಅವರ ಮುಖ ನೋಡಿದಳು.

ಅಣ್ಣನ ದನಿ ಏರಲಿಲ್ಲ. "ಅಂದ್ರೆ ನಾನು ಕಳ್ಳ."

"ಕಳ್ಳ ಅಂತ ನಾನು ಅನ್ನಲಿಲ್ಲ. ಅಪ್ಪನ ಕೈ ನಡುಗುತ್ತೆ ಅಂತ ನೀನು ಊರಿಗೆಲ್ಲ ತೋರಿಸಬೇಕು ಅಂತಿದ್ದೆ, ಆಗಲಿಲ್ಲ ಅಂದೆ. ಅಷ್ಟೇ."

ಅಣ್ಣ ಚಹಾ ಲೋಟ ಕೆಳಗಿಟ್ಟು ಎದ್ದ. ಎದುರು ಸಾಲಿನಲ್ಲಿ ಗಡಿಯಾರ ರಿಪೇರಿಯವರ ಪಕ್ಕದ ಕೋಣೆ ಖಾಲಿ ಇದೆ, ಬುಧವಾರ ನನ್ನ ಸಾಮಾನು ತೆಗೆದುಕೊಂಡು ಅಲ್ಲಿಗೆ ಹೋಗುತ್ತೇನೆ, ಊಟಕ್ಕೂ ಬರುವುದಿಲ್ಲ, ನಿಮ್ಮ ಲೋಟದ ನೀರು ನೀವೇ ಬಗ್ಗಿಸಿಕೊಳ್ಳಿ ಅಂದ. ನಾನು ತಟ್ಟೆ ತೊಳೆಯುತ್ತಿದ್ದೆ. ಒಂದೇ ತಟ್ಟೆಯನ್ನು ಮೂರು ಸಲ ತೊಳೆದೆ.

ಸೋಮವಾರ, ಮಂಗಳವಾರ ಮನೆಯಲ್ಲಿ ಎರಡೆರಡು ಸಲ ಊಟ ಬಡಿಸಿದಳು ಅಮ್ಮ, ಇಬ್ಬರೂ ಒಟ್ಟಿಗೆ ಕೂರಲಿಲ್ಲ. ಅವನು ಹೋಗಲಿ ಬಿಡು, ಎರಡು ದಿನಕ್ಕೆ ವಾಪಸ್ ಬರುತ್ತಾನೆ ಅಂತ ಅಪ್ಪ ಅಮ್ಮನಿಗೆ ಹೇಳುವುದು ಕೇಳಿಸಿತು. ಮಗ ನಿಮ್ಮ ಹಾಗೇ ಹಟದವನು, ವಾಪಸ್ ಬರಲ್ಲ ಅಂದಳು ಅಮ್ಮ.

ಬುಧವಾರ ಬೆಳಿಗ್ಗೆ ಕೈಗಾಡಿಯವನು ಬಂದು ಕೆಳಗೆ ನಿಂತ. ಅಣ್ಣ ಬಿಳಿ ಕೊಡೆಗಳನ್ನು ಮಡಿಸಿ ಕಟ್ಟಿದ್ದ. ಫ್ಲಾಶುಗಳನ್ನು ಹಳೇ ಹೊದಿಕೆಯಲ್ಲಿ ಸುತ್ತಿದ್ದ. ಅಪ್ಪ ಕೌಂಟರಿನಲ್ಲಿ ಬೆನ್ನು ಮಾಡಿ ಕೂತು ಪ್ರಿಂಟಿನ ಅಂಚು ಕತ್ತರಿಸುತ್ತಿದ್ದರು. ಅಂಚು ಆಗಲೇ ಕತ್ತರಿಸಿಯಾಗಿತ್ತು, ಈಗ ಯಾರದೋ ಭುಜ ಕತ್ತರಿಸುತ್ತಿದ್ದರು.

ನಾನು ಸ್ಟುಡಿಯೋದ ನಡುವೆ ಹೋಗಿ ನಿಂತೆ. ಮಾತು ಸಾಲಾಗಿ ಬರಲಿಲ್ಲ.

"ಅಣ್ಣ, ಆ ಕುರ್ಚಿ ಮೇಲೆ ಕೂತ್ಕೋ. ಅಪ್ಪ, ನೀವು ಬಟ್ಟೆ ಒಳಗೆ ತಲೆ ಹಾಕಿ."

ಇಬ್ಬರೂ ನನ್ನನ್ನೇ ನೋಡಿದರು. ಯಾಕೆ ಅಂದ ಅಣ್ಣ. ಹೇಳೋಕೆ ಬರಲ್ಲ ಅಂದೆ. ಅದು ಸತ್ಯವಾಗಿದ್ದರಿಂದಲೋ ಏನೋ ಅಣ್ಣ ಕೈಯಲ್ಲಿದ್ದ ಹಗ್ಗ ಕೆಳಗೆ ಹಾಕಿ ಕೂತ. ಅಪ್ಪ ಕಪಾಟು ತೆಗೆದು, ಕ್ಯಾಮೆರಾ ನಿಲ್ಲಿಸಿ, ಎಷ್ಟೋ ದಿನಗಳಿಂದ ನೆಟ್ಟಗೆ ನೋಡದ ಮಗನ ಮುಖವನ್ನು ತಲೆಕೆಳಗಾಗಿ ನೋಡಲು ಬಟ್ಟೆಯೊಳಗೆ ತಲೆ ಹಾಕಿದರು. ನಾನು ಹಿಂದಿನ ಕೋಣೆಗೆ ಬಂದು ಪೆಡಲು ಒತ್ತಿದೆ.

"ಬಟ್ಟೆ ಇಲ್ಲದೆ ಏನು ಹೊಲೀತಿದ್ದೀಯೇ?" ಅಂದಳು ಅಜ್ಜಿ.

ಸೂಜಿ ಬರೀ ಗಾಳಿ ಹೊಲಿಯುತ್ತಿತ್ತು. ಆಮೇಲೆ ಅಪ್ಪನ ದನಿ ಬಟ್ಟೆಯೊಳಗಿನಿಂದ ಬಂತು. "ನಿಲ್ಲಿಸು." ನಿಲ್ಲಿಸಿದೆ. "ಹೊಲಿ." ಒತ್ತಿದೆ. ಹೀಗೆ ನಾಲ್ಕು ಸಲ. ಐದನೆಯ ಸಲ "ಹೊಲಿ" ಅಂದದ್ದು ಅಣ್ಣನ ದನಿ. ಅವನು ಬಟ್ಟೆಯೊಳಗೆ ಹೋಗಿದ್ದ, ಕುರ್ಚಿಯಲ್ಲಿ ಅಪ್ಪ ಕೂತಿದ್ದರು.

ಅಮ್ಮ ಒದ್ದೆ ಕೈ ಒರೆಸುತ್ತಾ ಬಂದಳು. ಮೂವರೂ ನನ್ನ ಯಂತ್ರದ ಮುಂದೆ ಬಂದು ನಿಂತರು. ಒಬ್ಬರು ಇನ್ನೊಬ್ಬರಿಗೆ ತಪ್ಪಾಯಿತು ಅಂತ ಹೇಳುತ್ತಾರೆ ಅಂತ ನಾನು ಕಾದೆ. ಅಪ್ಪ ಬೇರೆಯದನ್ನೇ ಕೇಳಿದರು.

"ಯಾವತ್ತಿಂದ ಗೊತ್ತಿತ್ತು ನಿನಗೆ?"

"ಇಪ್ಪತ್ತೆರಡು ದಿನ ಆಯ್ತು."

"ಭಾನುವಾರ ನೀನು ಅಲ್ಲೇ ತಟ್ಟೆ ತೊಳೀತಿದ್ದೆ," ಅಂದ ಅಣ್ಣ. "ಇವರು ನನಗೆ ಆ ಮಾತು ಅಂದಾಗ."

ಹೌದು ಅಂತ ತಲೆ ಆಡಿಸಿದೆ. ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಮೊದಲ ಸಲ ಅಪ್ಪ, ಅಣ್ಣ ಒಂದೇ ಕಡೆ ನಿಂತಿದ್ದರು, ಇಬ್ಬರ ಕಣ್ಣೂ ಒಂದೇ ರೀತಿ ನನ್ನನ್ನು ಅಳೆಯುತ್ತಿದ್ದವು. ಇವಳು ಇನ್ನೇನು ಗೊತ್ತಿದ್ದೂ ಸುಮ್ಮನಿದ್ದಾಳೋ ಅನ್ನುವ ಹಾಗೆ.

ಯಂತ್ರ ಇಲ್ಲಿಂದ ಎತ್ತಿಸಿ ಅಂದರು ಅಪ್ಪ. ನಾನು ಅಂದುಕೊಂಡದ್ದೇ ಆಯಿತು ಅಂತ ಮೋಟರಿನ ವೈರು ಕೀಳಲು ಬಗ್ಗಿದೆ.

"ಯಾಕೆ ಎತ್ತಿಸಬೇಕು?" ಅಂದ ಅಣ್ಣ. ಮಾತು ಅಪ್ಪನಿಗೆ, ಆದರೆ ನನ್ನ ಮೇಲಿನ ಸಿಟ್ಟಿನಿಂದಲೇ ಆಡಿದ. "ನಿಮ್ಮದು ಅರ್ಧ ಸೆಕೆಂಡಿನ ಕೆಲಸ. ಅವಳದು ಇಡೀ ದಿನದ್ದು. ಅರ್ಧ ಸೆಕೆಂಡು ನಿಲ್ಲಿಸು ಅಂತ ಬಾಯಿಬಿಟ್ಟು ಕೇಳಿ. ಈ ಮನೇಲಿ ಬಾಯಿ ಇಲ್ಲದೋಳು ಅವಳೊಬ್ಬಳೇ ಅಂದುಕೊಂಡಿದ್ದೆ."

ಅಮ್ಮ ಕೆಳಗಿಳಿದು ಹೋಗಿ ಕೈಗಾಡಿಯವನಿಗೆ ಚಹಾ ಕೊಟ್ಟು ಕಳಿಸಿದಳು. ಬೇಡ ಅಂತ ಅಣ್ಣ ಹೇಳಲಿಲ್ಲ. ಇರುತ್ತೇನೆ ಅಂತಲೂ ಹೇಳಲಿಲ್ಲ. ಕೊಡೆಗಳನ್ನು ಮಾತ್ರ ಮೂರು ದಿನ ಬಿಚ್ಚದೆ ಗೋಡೆಗೆ ಒರಗಿಸಿ ಇಟ್ಟಿದ್ದ, ನಾಲ್ಕನೆಯ ದಿನ ಯಾವುದೋ ಪಾಪು ಬಂದಾಗ ಬಿಚ್ಚಿದ. ಹಳೇ ಕ್ಯಾಮೆರಾ ಕೊಳ್ಳುವವರು ಬಂದಾಗ, ಇದು ಮಾರೋದಲ್ಲ ಅಂತ ಅವನೇ ಹೇಳಿ ಕಳಿಸಿದ. ನನ್ನ ಜೊತೆ ಮಾತಾಡಲು ಇನ್ನೂ ಹತ್ತು ದಿನ ತೆಗೆದುಕೊಂಡ.

ಶರ್ಟುಗಳು ಬಂದವು. ಈಗ ನಮ್ಮ ಮನೆಯಲ್ಲಿ ದಿನಕ್ಕೆ ಎಷ್ಟೋ ಸಲ "ನಿಲ್ಲಿಸು", "ಹೊಲಿ" ಅನ್ನುವ ಕೂಗು ಕೇಳುತ್ತದೆ. ಅಣ್ಣನಿಗೆ ಅದು ಬೇಕಿಲ್ಲ, ಆದರೂ ಅವನೂ ಕೂಗುತ್ತಾನೆ. ಅಪ್ಪ ಕೂಗುವುದರ ಜೊತೆ ಇನ್ನೊಂದು ಮಾಡುತ್ತಾರೆ. ಗಿರಾಕಿಯನ್ನು ಕುರ್ಚಿಯಲ್ಲಿ ಹಾಗೇ ಕೂರಿಸಿ, ಮೆಲ್ಲಗೆ ಬಂದು, ಬಾಗಿಲು ಒಂದು ಗೇಣು ತೆರೆದು ನನ್ನ ಕಡೆ ಇಣುಕುತ್ತಾರೆ. ನಿಲ್ಲಿಸಿದೆ ಅಂತ ನಾನು ಹೇಳಿದರೂ ಸಾಲದು ಅವರಿಗೆ. ನಾನು ಎರಡೂ ಕಾಲನ್ನು ನೆಲದಿಂದ ಎತ್ತಿ, ಕುರ್ಚಿಯ ಮೇಲೆ ಮಡಚಿಕೊಂಡು ತೋರಿಸುತ್ತೇನೆ. ಅವರು ಒಂದು ಪಾದ ನೋಡಿ, ಇನ್ನೊಂದು ಪಾದ ನೋಡಿ, ಬಾಗಿಲು ಎಳೆದುಕೊಂಡು ಹೋಗಿ ಕಡ್ಡಿ ಒತ್ತುತ್ತಾರೆ.